ಇವತ್ತು ಎಷ್ಟು ಮಂದಿ?

ಸಿರುಗುಪ್ಪ ತಾಲ್ಲೂಕಿನ ದೇಶನೂರು. ವಿಜಯನಗರದ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಕಾಲುವೆಗಳಲ್ಲಿ ಒಂದಕ್ಕೆ ಈ ಊರಿನದೇ ಹೆಸರು. ಸುತ್ತ ಭತ್ತದ ಮಾಗಾಣಿ, ನಡುವೆ ಶಾಲೆ. ಮಾರ್ಚ್ ತಿಂಗಳ ಮೊದಲ ವಾರ, ಬೆಳಗಿನ ಪ್ರಾರ್ಥನೆ ಮುಗಿದಿದೆ. ಪಡಸಾಲೆಯ ಕಟ್ಟೆಯ ಮೇಲೆ ಇಬ್ಬರು ಶಿಕ್ಷಕಿಯರು ಹಾಜರಿ ಪುಸ್ತಕ ಹಿಡಿದು ಕೂತಿದ್ದಾರೆ. ಒಬ್ಬರಿಗೆ ಇಪ್ಪತ್ತೈದು ವರ್ಷದ ಸರ್ವೀಸು. ಇನ್ನೊಬ್ಬಳು ಈ ವರ್ಷವಷ್ಟೇ ಬಂದ ಅತಿಥಿ ಶಿಕ್ಷಕಿ. ಅಡುಗೆ ಕೋಣೆಯ ಮುಖ್ಯ ಅಡುಗೆಯಾಕೆಗೆ ಅರವತ್ತು ತುಂಬಿದೆ, ತಿಂಗಳ ಕೊನೆಗೆ ಅವರ ಕೆಲಸ ಮುಗಿಯುತ್ತದೆ. ಮಕ್ಕಳಿಗೂ ಮಾಸ್ತರರಿಗೂ ಆಕೆ ದೊಡ್ಡವ್ವ.

ಕಿರಿಯಾಕೆ — ಅಕ್ಕೋರೆ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ದೊಡ್ಡವ್ವಗ ಬೀಳ್ಕೊಡುಗಿ ಮಾಡೋಣಂತ ಹೆಡ್ ಮಾಸ್ತರು ಹೇಳಿದ್ರು. ತಲಿಗೆ ಎಷ್ಟು ಹಾಕಬೇಕಾಗ್ತೈತಿ?

ಹಿರಿಯಾಕೆ — ಯಾಕ ತಂಗಿ, ರೊಕ್ಕದಿಂದನ ಸುರು ಮಾಡಿದಿ?

ಕಿರಿಯಾಕೆ — ಹೋದ ವರ್ಷ ನಾನು ಬ್ಯಾರೆ ಊರಾಗ, ಬ್ಯಾರೆ ಸಾಲ್ಯಾಗ ಇದ್ದೆ. ಅಲ್ಲಿ ಒಬ್ಬರು ವರ್ಗ ಆಗಿ ಹೊಂಟ್ರು. ನಾನು ಸೇರಿ ಒಂದೂವರೆ ತಿಂಗಳಾಗಿತ್ತು, ಅವರ ಜೋಡಿ ನಾಕು ಮಾತು ಸೈತ ಆಡಿರಲಿಲ್ಲ. ಸ್ಟಾಫ್ ರೂಮಿನ ಗ್ವಾಡಿಗೆ ಒಂದು ಹಾಳಿ ಹಚ್ಚಿದ್ರು. ಎಲ್ಲಾರ ಹೆಸರು, ಮುಂದ ಐನೂರು, ಕೊಟ್ಟವರ ಮುಂದ ಒಂದು ಗೀಟು. ದಿನಾ ಒಳಗ ಹೋಗೋಮುಂದ ನನ್ನ ಹೆಸರಿನ ಮುಂದ ಗೀಟಿಲ್ಲದ್ದು ಕಣ್ಣಿಗೆ ಬೀಳ್ತಿತ್ತು. ಆಗ ನನ್ನ ಗೌರವಧನ ಇನ್ನೂ ಕೈಗೆ ಬಂದಿರಲಿಲ್ಲ. ಅಣ್ಣನ ಕಡೆ ಸಾಲ ಕೇಳಿ ಹಾಕಿದೆ. ಅವರಿಗೆ ಏನು ಕೊಟ್ರಂತ ಈಗ ಕೇಳಿದ್ರ ನನಗ ನೆನಪಾಗವಲ್ದು. ಆ ಹಾಳಿ ಮಾತ್ರ ಕಣ್ಣಾಗ ಐತಿ.

ಹಿರಿಯಾಕೆ — ಹಂಗ ಮಾಡಬಾರದು. ಕೇಂದ್ರ ಸರ್ಕಾರದ 1964ರ ನಡತೆ ನಿಯಮದಾಗ ಇದನ್ನ ಬಿಡಿಸಿ ಬರದಾರ ಗೊತ್ತೇನು? ವರ್ಗ ಆದವರಿಗೆ, ನಿವೃತ್ತಿ ಆದವರಿಗೆ ಮನಿ ಮಟ್ಟಿಗೆ ಸಣ್ಣದೊಂದು ಬೀಳ್ಕೊಡುಗಿ ಮಾಡಬಹುದು. ಆದರ ಅದಕ ವಂತಿಗಿ ಹಾಕ್ರಿ ಅಂತ ಯಾರ ಮ್ಯಾಲೂ ಒತ್ತಾಯ ಮಾಡಂಗಿಲ್ಲ. ಯಾರೋ ಸಣ್ಣ ನೌಕರ ಮನಸಿನಾಗ ನೊಂದದ್ದನ್ನ ಕಂಡನ ಬರದಿರಬೇಕು ಅದನ್ನ. ಕೊಡೋದು ಪ್ರೀತಿಗೆ, ಹಾಕಿಸಿಕೊಳ್ಳೋದು ಲೆಕ್ಕಕ್ಕ. ಎರಡನ್ನೂ ಒಂದಽ ಹಾಳ್ಯಾಗ ಬರೀಬಾರದು.

ಕಿರಿಯಾಕೆ — ಮತ್ತ ಬರಿಗೈಲಿ ಹೆಂಗ ಕಳಸೋದ್ರಿ? ಶಾಲಾದರೂ ಹೊದಿಸಬೇಕಲ್ರಿ.

ಹಿರಿಯಾಕೆ — ನಮ್ಮಪ್ಪನೂ ಮಾಸ್ತರಽ ಇದ್ರು. ಅವರು ತೀರಿಕೊಂಡ ಮ್ಯಾಲ ಟ್ರಂಕ್ ತಗದ್ವಿ. ಹನ್ನೊಂದು ಶಾಲು. ಒಂಬತ್ತಕ್ಕ ಒಳಗಿನ ರಟ್ಟು ಸೈತ ತಗದಿರಲಿಲ್ಲ, ಮಡಚಿದ ಗೆರಿಗುಂಟ ಬಟ್ಟಿ ಹಳದಿ ಆಗಿತ್ತು. ಎರಡು ಮೈಸೂರು ಪೇಟ, ಅವಕ್ಕ ಹುಳ ಹತ್ತಿತ್ತು. ಬಳ್ಳಾರಿ ಬಿಸಲಾಗ ಆ ಶಾಲು ಯಾರು ಹೊಚ್ಕೋತಾರ ಹೇಳು. ಹೊಚ್ಚೋ ಎರಡು ನಿಮಿಷ ಚಪ್ಪಾಳಿ, ಆಮ್ಯಾಲ ಟ್ರಂಕು. ಅದರಾಗ ಒಂದನ್ನ ಅಪ್ಪನಽ ಬ್ಯಾರೆ ಯಾರಿಗೋ ಹೊದಿಸಿದ್ರು, ನಾಕು ವರ್ಷಕ್ಕ ಅದಽ ಶಾಲು ತಿರುಗಿ ನಮ್ಮನಿಗೆ ಬಂತು. ಅಂಚಿನಾಗ ಒಂದು ಶಾಯಿ ಕಲಿ ಇತ್ತು, ಅದನ್ನ ಹಿಡದು ನಮ್ಮವ್ವ ಗುರುತು ಹಿಡದಳು.

ಕಿರಿಯಾಕೆ — ಶಾಲು ಹಾರ ಬ್ಯಾಡ ಅಂತ ಸರ್ಕಾರನಽ ಹೇಳಿತ್ತಲ್ರಿ?

ಹಿರಿಯಾಕೆ — ಹೌದು, 2021ರ ಆಗಸ್ಟ್‌ನಾಗ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದ ಹೊಸತರಾಗ. ಸರ್ಕಾರಿ ಕಾರ್ಯಕ್ರಮದಾಗ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕಿ ಯಾವದೂ ಬ್ಯಾಡ, ಕೊಡಲೇಬೇಕಂದ್ರ ಕನ್ನಡ ಪುಸ್ತಕ ಕೊಡ್ರಿ ಅಂತ. 2023ರಾಗ ಸಿದ್ದರಾಮಯ್ಯನವರೂ ನನಗ ಶಾಲು ಹೂವು ತರಬ್ಯಾಡ್ರಿ, ಪುಸ್ತಕ ತರ್ರಿ ಅಂದ್ರು. ಒಳ್ಳೇ ಮಾತು.

ಕಿರಿಯಾಕೆ — ಪುಸ್ತಕನ ಕೊಡೋಣಂದ್ರ ದೊಡ್ಡವ್ವಗ ಓದಾಕ ಬರೂದಿಲ್ಲ.

ಹಿರಿಯಾಕೆ — ಸಹಿ ಅಷ್ಟಽ. ಅದನ್ನೂ ಐದನೆತ್ತ ಹುಡುಗಿ ಒಬ್ಬಾಕಿ ಕಲಿಸಿದ್ದು. ಮೊದಲು ಹೆಬ್ಬೆಟ್ಟು ಒತ್ತತಿದ್ದಳು. ಮಸಿ ತೊಳಕೊಳ್ಳೋತನಕ ಅನ್ನಕ್ಕ ಕೈ ಹಚ್ಚಾಕ ಆಗಂಗಿಲ್ಲ ಅಂತ ಹೇಳಿ ಸಹಿ ಕಲತಾಕಿ ಆಕಿ.

ಕಿರಿಯಾಕೆ — ಅಂದಮ್ಯಾಲ ಬಿನ್ನವತ್ತಳೀನೂ ನಡಿಯೂದಿಲ್ಲ. ಕಟ್ಟು ಹಾಕಿಸಿ ಕೊಟ್ರ ಗ್ವಾಡಿಗೆ ತೂಗು ಬಿಡ್ತಾರ, ಏನು ಬರದೈತಂತ ಮನಿಗೆ ಬಂದವರನ್ನ ಕೇಳಬೇಕು.

ಹಿರಿಯಾಕೆ — ಬಿನ್ನವತ್ತಳಿ ಅಂದ್ರ ಈಗ ಹೆಸರು ಬದಲಿ ಮಾಡಿ ಅದಽ ಹಾಳಿ ಎಲ್ಲಾರಿಗೂ ಕೊಡೋದಾಗೈತಿ. ಸೌಜನ್ಯದ ಖನಿ, ಕಾಯಕಯೋಗಿ. ಈ ಮಾತು ಯಾರಿಗೆ ಹೊಂದಂಗಿಲ್ಲ ಹೇಳು? ಓದಾಕ ಬರೋರಿಗೂ ಅದರಾಗ ತಮ್ಮ ಮುಖ ಕಾಣಂಗಿಲ್ಲ. ಆದರ ಬರದು ಕೊಡೋದರಾಗ ತಪ್ಪಿಲ್ಲ, ನಮ್ಮ ಭಾಷ್ಯಾಗ ಅದಕ ದೊಡ್ಡ ಪರಂಪರಿ ಐತಿ. ಬಿ.ಎಂ.ಶ್ರೀ ಅವರಿಗೆ ಶಿಷ್ಯರು, ಗೆಳೆಯರು ಕೂಡಿ ಲೇಖನ ಬರದು ‘ಸಂಭಾವನೆ’ ಅಂತ ಪುಸ್ತಕ ಮಾಡಿ ಕೊಟ್ರು, 1941ರಾಗ. ಮೇಷ್ಟ್ರಿಗೆ ಶಿಷ್ಯರು ಏನು ಕೊಟ್ಟಾರು? ಮೇಷ್ಟ್ರು ಕಲಿಸಿದ ವಿದ್ಯಾನ ತಿರುಗಿ ಕೊಟ್ರು. ಅಭಿನಂದನ ಗ್ರಂಥ ಅನ್ನೋದು ಆಮ್ಯಾಲ ಮುಂದುವರೀತು, ಈಗ ಅವೂ ದಪ್ಪ ಆಗಿ ಕಪಾಟು ಸೇರ್ತಾವ, ಅದು ಬ್ಯಾರೆ ಮಾತು. ಮೂಲದಾಗಿದ್ದ ವಿಚಾರ ಮಾತ್ರ ಚಲೋದು. ನಮ್ಮ ಗಣಿತದ ಸರ್ ಸಂಡೂರಿಗೆ ವರ್ಗ ಆದಾಗ ಹುಡುಗರು ಒಂದು ನೋಟ್‌ಬುಕ್ಕಿನಾಗ ತಲಿಗೊಂದು ಪುಟ ಬರದು ಕೊಟ್ರು. ಒಬ್ಬಾಂವ ಬರೇ ಒಂದು ಲೆಕ್ಕ ಬಿಡಿಸಿದ್ದ. ಹಿಂದ ಮೂರು ಸಲ ತಪ್ಪಿದ್ದ ಲೆಕ್ಕ ಅದು. ಸರ್ ಆ ಪುಟಕ್ಕ ಬಂದು ಕೂತುಬಿಟ್ರು, ಮುಂದಿನ ಪುಟ ತಿರುವಾಕ ಆಗಲಿಲ್ಲ ಅವರಿಗೆ.

ಕಿರಿಯಾಕೆ — ನಿಮಗ ಯಾರಾದರೂ ಅಂಥಾದ್ದು ಕೊಟ್ಟಾರೇನ್ರಿ?

ಹಿರಿಯಾಕೆಯ ಮಾತು ನಿಂತಿತು. ಚೀಲಕ್ಕೆ ಕೈಹಾಕಿ ಡಸ್ಟರ್ ತೆಗೆದು ಕಟ್ಟೆಯ ಮೇಲಿಟ್ಟರು. ಅಂಗಡಿಯ ಮರದ ಡಸ್ಟರ್ ಅಲ್ಲ, ಬಟ್ಟೆಯದು. ಅಂಗೈಯಗಲದ ಮೆತ್ತನೆಯ ಗಂಟು, ಮೇಲೆ ಬೆರಳು ತೂರಿಸಲು ಒಂದು ಪಟ್ಟಿ. ಸುಣ್ಣದ ಪುಡಿ ಕೂತು ಬಣ್ಣ ಯಾವುದೆಂದು ತಿಳಿಯದು. ಹೊಲಿಗೆಯ ಸಂದಿನಲ್ಲಿ ಮಾತ್ರ ಕಡುಹಸಿರು ಎಳೆ ಕಾಣುತ್ತದೆ.

ಹಿರಿಯಾಕೆ — ನನ್ನ ಮೊದಲನೇ ಪೋಸ್ಟಿಂಗು ಕುರುಗೋಡು ಕಡೆ ಒಂದು ಹಳ್ಳ್ಯಾಗ. ಅಲ್ಲಿಂದ ಹೊಂಟಾಗ ಜೋಡಿ ಕೆಲಸ ಮಾಡತಿದ್ದ ಅಕ್ಕೋರು ಕೊಟ್ಟಿದ್ದು ಇದು. ಮೂರು ವರ್ಷ ಒಂದಽ ಕೋಣ್ಯಾಗ ಎರಡು ಕ್ಲಾಸು ನಡಿಸಿದ್ವಿ, ಅವರು ಆ ಗ್ವಾಡಿ ಕಡೆ, ನಾನು ಈ ಗ್ವಾಡಿ ಕಡೆ. ನನಗ ಸುಣ್ಣದ ಪುಡಿಗೆ ಕೆಮ್ಮು ಬರ್ತಿತ್ತು. ಅವರು ಅದನ್ನ ನೋಡಿದ್ರು. ತಮ್ಮ ಹಳೇ ಹತ್ತಿ ಸೀರಿ ಹರದು, ಒಳಗ ಅರಳಿ ತುಂಬಿ, ಪುಡಿ ಹಾರದಂಗ ದಪ್ಪಗ ಹೊಲದ್ರು. ಒಂದು ರೂಪಾಯಿ ಖರ್ಚಾಗಿರಲಿಕ್ಕಿಲ್ಲ. ಮೂರು ಸಲ ಮ್ಯಾಲಿನ ಬಟ್ಟಿ ಬದಲಿ ಮಾಡೀನಿ, ಒಳಗಿನ ಅರಳಿ ಅದಽ ಐತಿ. ಬೋರ್ಡು ಒರಸೋಮುಂದೆಲ್ಲಾ ನನ್ನ ಕೆಮ್ಮನ್ನ ಒಬ್ಬರು ಕೇಳಿಸ್ಕೊಂಡಿದ್ರು ಅಂತ ನೆನಪಾಗ್ತೈತಿ.

ಕಿರಿಯಾಕೆ — (ಡಸ್ಟರನ್ನು ಕೈಗೆತ್ತಿಕೊಂಡು) ಹಗುರ ಐತ್ರಿ.

ಹಿರಿಯಾಕೆ — ಗಾಂಧೀಜಿ ದಕ್ಷಿಣ ಆಫ್ರಿಕಾ ಬಿಟ್ಟು ಬರೋಮುಂದ ಜನರಲ್ ಸ್ಮಟ್ಸ್‌ಗ ಏನು ಕೊಟ್ರು ಗೊತ್ತಲ್ಲ? ತಮ್ಮನ್ನ ಜೈಲಿಗೆ ಹಾಕಿಸಿದಾಂವ ಆತ. ಆ ಜೈಲಿನಾಗ ಕೂತು ತಮ್ಮ ಕೈಲೆ ಹೊಲದ ಒಂದು ಜೋಡಿ ಚಪ್ಪಲಿ ಕೊಟ್ರು, 1914ರಾಗ. ಆತ ಎಷ್ಟೋ ಬ್ಯಾಸಿಗಿ ಅವನ್ನ ಮೆಟ್ಟಿದ. 1939ರಾಗ ಗಾಂಧೀಜಿಗೆ ಎಪ್ಪತ್ತು ತುಂಬಿದಾಗ ಅದಽ ಚಪ್ಪಲಿ ತಿರುಗಿ ಕಳಿಸಿದ. ಅದಕ್ಕಿಂತ ಮೊದಲು, 1901ರಾಗ, ಊರಿಗೆ ಹೊಂಟಾಗ ಅಲ್ಲಿನ ನಮ್ಮ ಮಂದಿ ಗಾಂಧೀಜಿಗೆ ಬಂಗಾರ, ವಜ್ರ ಕೊಟ್ಟಿದ್ರು. ಕಸ್ತೂರಬಾ ಅವರಿಗೂ ಬಂಗಾರದ ಸರ. ರಾತ್ರಿಯೆಲ್ಲಾ ನಿದ್ದಿ ಹತ್ತದ ಗಾಂಧೀಜಿ ಅವೆಲ್ಲಾ ಟ್ರಸ್ಟಿಗೆ ಬರದು ಬಂದ್ರು. ಬಂಗಾರ ತಗೊಂಡವರಿಗೆ ನಿದ್ದಿ ಬರಲಿಲ್ಲ, ಚಪ್ಪಲಿ ತಗೊಂಡಾಂವ ಇಪ್ಪತ್ತೈದು ವರ್ಷ ಜೋಪಾನ ಮಾಡಿದ.

ಕಿರಿಯಾಕೆ — ಹಂಗಾದ್ರ ದೊಡ್ಡವ್ವಗೂ ನಮ್ಮ ಕೈಲೆ ಮಾಡಿದ್ದನ್ನಽ ಕೊಡೋಣ್ರಿ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಕುಟ್ಟಿ ಬಾಟ್ಲಿಗೆ ತುಂಬೋಣ. ಕಟಕ ರೊಟ್ಟಿ ಬಡದ್ರ ತಿಂಗಳು ಇಟ್ರೂ ಕೆಡೂದಿಲ್ಲ. ಎಲ್ಲಾ ಮನ್ಯಾಗಿನ ಸಾಮಾನು.

ಹಿರಿಯಾಕೆ — ಬ್ಯಾರೆ ಯಾರಽ ಹೊಂಟಿದ್ರೂ ನಾನು ಹೂಂ ಅಂತಿದ್ದೆ. ಬೆಂಗಳೂರಿಗೆ, ಮಂಗಳೂರಿಗೆ ಹೋಗೋರಿಗೆ ಗುರೆಳ್ಳು ಚಟ್ನಿಗಿಂತ ದೊಡ್ಡ ಉಡುಗೊರಿ ಇಲ್ಲ. ಅಲ್ಲಿ ಮೊದಲನೇ ವಾರ, ಗುರುತು ಪರಿಚಯ ಇಲ್ಲದ ಮನ್ಯಾಗ, ಬಾಟ್ಲಿ ಮುಚ್ಚಳ ತಗದ್ರ ಸಾಕು. ಹೋಗೋರಿಗೆ ಬುತ್ತಿ ಕಟ್ಟೋದು ನಮ್ಮ ಪದ್ಧತಿನಽ ಐತಿ. ಆದರ ದೊಡ್ಡವ್ವ ಎಲ್ಲಿಗೂ ಹೋಗಂಗಿಲ್ಲ. ಇದಽ ಊರಾಗ, ಎರಡು ಓಣಿ ಆಚಿ ಇರ್ತಾಳ. ನಡುಮಧ್ಯಾನ ಗಂಟಿ ಬಾರಿಸಿದ್ದು ಆಕಿ ಮನಿತನಕ ಕೇಳ್ತೈತಿ. ಆ ಗಂಟಿಗೆ ಆಕಿ ಕೈ ಏನು ಮಾಡ್ತಾವ, ಅದನ್ನ ವಿಚಾರ ಮಾಡು.

ಕಿರಿಯಾಕೆ — ಅವರು ಯಾವಾಗಿಂದ ಇದಾರ್ರಿ ಇಲ್ಲಿ?

ಹಿರಿಯಾಕೆ — ಮೊದಲನೇ ದಿನದಿಂದ. ಅಕ್ಷರ ದಾಸೋಹ 2002ರ ಜೂನ್‌ನಾಗ ಸುರುವಾತು, ರಾಜ್ಯಕ್ಕೆಲ್ಲಾ ಮೊದಲು ನಮ್ಮ ಈ ಕಡೆ ಏಳು ಜಿಲ್ಲಾದಾಗ. ಬಳ್ಳಾರಿ ಅದರಾಗ ಒಂದು. ಆಗ ಅಡುಗಿ ಕೋಣಿನ ಇರಲಿಲ್ಲ, ಬೇವಿನ ಗಿಡದ ಬುಡಕ ಮೂರು ಕಲ್ಲು ಇಟ್ಟು, ಜಾಲಿ ಕಟಗಿ ಉರಿ ಹಾಕಿ ಮಾಡಿದ್ದು. ಮಳಿ ಬಂದ್ರ ತಗಡು ಹಿಡಕೊಂಡು ನಿಂದರತಿದ್ದಳು. ಆಮ್ಯಾಲ ಕೋಣಿ ಬಂತು, ಗ್ಯಾಸ್ ಬಂತು. 2013ರ ಆಗಸ್ಟ್‌ನಾಗ ಕ್ಷೀರಭಾಗ್ಯ ಬಂತು. ಹಾಲಿನ ಪುಡಿ ಗಂಟು ಕಟ್ಟತೈತಂತ ಮೊದಲು ಉಗುರು ಬೆಚ್ಚಗಿನ ನೀರಾಗ ಕಲಸಿ ಆಮ್ಯಾಲ ಕುದಿಯೋ ನೀರಿಗೆ ಬಿಡಬೇಕಂತ ಆಕೀನಽ ಕಂಡುಕೊಂಡಳು. 2021ರ ಡಿಸೆಂಬರ್‌ನಾಗ ನಮ್ಮ ಭಾಗಕ್ಕ ಮೊಟ್ಟಿ ಬಂತು. ನೂರು ಮೊಟ್ಟಿ ಸುಲಿಯೋದಂದ್ರ ಬೆರಳ ತುದಿ ಏನಾಗಬೇಕು! ಒಂದರಿಂದ ಐದನೆತ್ತ ತನಕ ತಲಿಗೆ ನೂರು ಗ್ರಾಂ ಅಕ್ಕಿ, ಆರರಿಂದ ಎಂಟನೆತ್ತ ತನಕ ನೂರೈವತ್ತು. ತಕ್ಕಡಿ ನಮಗ ಬೇಕು, ಆಕಿಗೆ ಬ್ಯಾಡ. ಹಾಜರಿ ಎಷ್ಟಂತ ಕೇಳ್ತಾಳ, ಕೈಲೆ ತುಂಬತಾಳ. ನಾನು ಎರಡು ಸಲ ತೂಗಿ ನೋಡೀನಿ.

ಕಿರಿಯಾಕೆ — ಸೋಮವಾರ ಹುಡುಗರು ಹೆಚ್ಚಿಗಿ ಉಣ್ತಾರಂತ ಅವರಽ ನನಗ ಹೇಳಿದ್ರು.

ಹಿರಿಯಾಕೆ — ಯಾಕಂತ ಹೇಳಿದಳೇನು?

ಕಿರಿಯಾಕೆ — ಇಲ್ರಿ.

ಹಿರಿಯಾಕೆ — ಐತವಾರ ಸಾಲಿ ಇರೂದಿಲ್ಲಲ್ಲ.

ಕಿರಿಯಾಕೆ ಮೈದಾನದ ಕಡೆ ನೋಡಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಿರಿಯಾಕೆ — ಈ ಮಾತನ್ನ ಬರೀಬೇಕು ನೋಡು ಬಿನ್ನವತ್ತಳ್ಯಾಗ. ಕಾಯಕಯೋಗಿ ಅನ್ನೋದು ಬ್ಯಾಡ. ಹಾಲಿನ ಪುಡಿ, ತಗಡು, ಸೋಮವಾರ. ಇಷ್ಟು ಬರದು ಏಳನೆತ್ತ ಹುಡುಗಿ ಕೈಲೆ ಗಟ್ಟಿಯಾಗಿ ಓದಿಸೋಣ. ಓದಿದ್ದನ್ನ ಕಟ್ಟು ಹಾಕಿಸೋದು ಬ್ಯಾಡ. ಆಕಿ ಕಿವಿಗೆ ಬಿದ್ದರ ಆತು.

ಕಿರಿಯಾಕೆ — ಮತ್ತ ಕೈಗೆ?

ಹಿರಿಯಾಕೆ — ಕೈಗೆ ಕೌದಿ ಕೊಡೋಣ.

ಕಿರಿಯಾಕೆ — ಕೌದಿ! ನನಗ ಬರೂದಿಲ್ರಿ. ನಮ್ಮಜ್ಜಿ ಹೊಲಿತಿದ್ದಳು. ಈಗ ಊರಿಗೆ ಕೌದಿ ಹೊಲಿಯೋರು ಬಂದಾಗ ಹಳೇ ಸೀರಿ ಕೊಟ್ಟು ಹೊಲಿಸ್ಕೋತಾರ.

ಹಿರಿಯಾಕೆ — ನನಗ ಬರ್ತೈತಿ. ಐದು ಮೊಳ ಉದ್ದ, ಮೂರು ಮೊಳ ಅಗಲ ಸಾಕು. ಒಳಗ ಎರಡು ಹಳೇ ಸೀರಿ ಮಡಚಿ ಹಾಸೋದು, ಕೆಳಗ ಒಂದು ಧೋತರ, ಮ್ಯಾಲ ತುಂಡು. ಈ ತುಂಡಿನಾಗಽ ಇರೋದು ಎಲ್ಲಾ. ಮಾಸ್ತರು ಮಂದಿ ತಲಿಗೊಂದು ಹಳೇ ಅಂಗಿ ತರಬೇಕು, ನಾವು ಹೆಣ್ಮಕ್ಕಳು ತಲಿಗೊಂದು ಸೀರಿ ಸೆರಗು. ಹುಡುಗರ ಹರಕ ಯೂನಿಫಾರ್ಮು ಬೇಕಾದಷ್ಟು ಸಿಗ್ತಾವ, ನೀಲಿ ಚಲೋ ಕಾಣ್ತೈತಿ. ಬಳ್ಳಾರ್‍ಯಾಗ ಜೀನ್ಸ್ ಹೊಲಿಯೋ ಕಡೆ ನಿಮ್ಮಣ್ಣ ಇದಾನಲ್ಲ, ಅಲ್ಲಿ ಕತ್ತರಿಸಿ ಉಳದ ಚೂರು ಒಂದು ಚೀಲ ಕೇಳು, ಅಂಚಿಗೆ ಗಟ್ಟಿ ಆಗ್ತೈತಿ. ನಡುವ ಜೀನ್ಸ್ ಹಾಕಬಾರದು, ಸೂಜಿ ಹೋಗೂದಿಲ್ಲ, ಹುಡುಗರ ಬೆರಳಿಗೆ ಚುಚ್ಚತೈತಿ.

ಕಿರಿಯಾಕೆ — ನನ್ನ ಕಡೆ ಒಂದು ಹೊಸಾ ಸೀರಿ ಐತಿ, ಪಾಲಿಸ್ಟರ್, ಉಟ್ಟಽ ಇಲ್ಲ. ಅದನ್ನ ಕೊಡ್ತೀನ್ರಿ.

ಹಿರಿಯಾಕೆ — ಹೊಸಾದ್ದು ಬ್ಯಾಡ, ಪಾಲಿಸ್ಟರೂ ಬ್ಯಾಡ. ಅದು ಬೆವರು ಹೀರಂಗಿಲ್ಲ, ಸೂಜಿ ಕೆಳಗ ಜಾರತೈತಿ. ಹೊಸಾ ಹತ್ತಿ ಆದರೂ ಒಗದ ಮ್ಯಾಲ ಕುಗ್ಗತೈತಿ, ಪಕ್ಕದ ಹಳೇದು ಕುಗ್ಗಂಗಿಲ್ಲ, ಕೌದಿ ಸುಕ್ಕು ಬೀಳತೈತಿ. ಹತ್ತು ವರ್ಷ ಉಟ್ಟು ಒಗದದ್ದಽ ಬೇಕು. ಈ ಒಂದು ಉಡುಗೊರ್‍ಯಾಗ ಹೊಸಾದ್ದಕ್ಕಿಂತ ಹಳೇದಕ್ಕ ಬೆಲಿ. ನೀನು ಕಷ್ಟಪಟ್ಟು ತರೋದು ಏನೂ ಇಲ್ಲ. ನಾಕು ಉಂಡಿ ದಪ್ಪ ನೂಲು, ಎರಡು ದೊಡ್ಡ ಸೂಜಿ, ಅದು ನೂರು ರೂಪಾಯಿ ಒಳಗ. ಅದನ್ನ ನಾನು ತರ್ತೀನಿ.

ಕಿರಿಯಾಕೆ — ಸಂಡೂರಿನ ಲಂಬಾಣಿ ಕಸೂತಿಯಂಗ ಕನ್ನಡಿ ಹಚ್ಚಿದ್ರ? ಆ ಕಸೂತಿಗೆ ಜಿಐ ಗುರುತು ಸಿಕ್ಕೈತಿ. ನಮ್ಮ ಸಹಾಯಕಿ ಅಡುಗೆಯವರಿಗೆ ಬರ್ತೈತ್ರಿ, ಅವರು ತಾಂಡಾದವರು.

ಹಿರಿಯಾಕೆ — ನಾಕು ಮೂಲಿಗೆ ನಾಕು ಕನ್ನಡಿ ಆಕಿ ಕೈಲೆ ಹಾಕಿಸೋಣ. ದಿನಾ ದೊಡ್ಡವ್ವನ ಜೋಡಿ ಒಲಿ ಮುಂದ ನಿಂತಾಕಿ ಆಕಿ, ಆಕಿ ಕೈ ಇರಬೇಕು. ನಡುವ ಬ್ಯಾಡ, ಮಲಗಿದ್ರ ಒತ್ತತೈತಿ.

ಕಿರಿಯಾಕೆ — ಬ್ಯಾಸಿಗ್ಯಾಗ ಕೌದಿ ಹೊಚ್ಕೋತಾರೇನ್ರಿ?

ಹಿರಿಯಾಕೆ — ಹಾಸಾಕ. ಮಾಳಗಿ ಮ್ಯಾಲ ಹಾಸಿ ಮಲಗಿದ್ರ ಬಿಸಿ ಹತ್ತಂಗಿಲ್ಲ. ಚಳ್ಯಾಗ ಹೊಚ್ಚಾಕ. ಶಾಲಿಗಿಂತ ಹತ್ತು ಪಟ್ಟು ಬಳಕಿ. ಇನ್ನೊಂದು ಮಾತೈತಿ. ಆಕಿ ಬೆರಳಿಗೆ ಬಟ್ಟಿ ಹೆಂಗ ತಿಳಿತೈತಿ ಗೊತ್ತೇನು? ಬಿಸಿ ಪಾತ್ರಿ ಇಳಸೋ ಬಟ್ಟಿ ಯಾವುದು ಗಟ್ಟಿ, ಯಾವುದು ಸುಡ್ತೈತಿ ಅಂತ ಮುಟ್ಟಿ ಹೇಳ್ತಾಳ. ಅಕ್ಷರ ಓದಾಕ ಬರದಾಕಿ ಕೌದಿ ಓದ್ತಾಳ. ಇದು ಹೆಡ್ ಮಾಸ್ತರ ಅಂಗಿ, ಇದು ಅಕ್ಕೋರ ಸೀರಿ, ಇದು ಆ ತುಂಟನ ಯೂನಿಫಾರ್ಮು, ಕಿಸೆದಾಗ ಮೊಟ್ಟಿ ಇಟ್ಕೊಂಡು ಒಡಕೊಂಡಿದ್ದ ನೋಡು, ಅಂತ.

ಕಿರಿಯಾಕೆ — ಹುಡುಗರು ಏನು ಮಾಡಬೇಕ್ರಿ ಅದರಾಗ?

ಹಿರಿಯಾಕೆ — ಆರು ಏಳನೆತ್ತ ಹುಡುಗರು, ಗಂಡು ಹೆಣ್ಣು ಎಲ್ಲಾರೂ, ತಲಿಗೊಂದು ಗೇಣು ಹೊಲಗಿ. ಹೊರಗಿನ ಅಂಚಿನಿಂದ ಸುರು ಮಾಡಿ ಸುತ್ತ ಸುತ್ತಿ ಒಳಗ ಬರೋದು, ಸಾಲಿಗೂ ಸಾಲಿಗೂ ನಡುವ ಒಂದು ಬೆರಳು. ಒಬ್ಬ ನಿಲ್ಲಿಸಿದಲ್ಲಿಂದ ಇನ್ನೊಬ್ಬ ಹಿಡೀಬೇಕು. ಪರೀಕ್ಷಿ ಹತ್ತರ ಐತಿ, ಅದಕಽ ತಲಿಗೊಂದಽ ಗೇಣು. ಸೊಟ್ಟ ಬಂದ್ರ ಬಿಚ್ಚಬಾರದು. ಉಳದದ್ದು ನಾನು ನೀನು, ಸಂಜಿ ಒಂದೊಂದು ತಾಸು. ಇಪ್ಪತ್ತು ದಿನ ಹಿಡೀತೈತಿ, ಅದಕಽ ಇವತ್ತಽ ಸುರು ಮಾಡಬೇಕು. ರೊಕ್ಕ ಹಾಕೋ ಉಡುಗೊರಿ ಹಿಂದಿನ ದಿನ ಸಿರುಗುಪ್ಪಿಗೆ ಹೋಗಿ ತರಬಹುದು. ಇದು ಹಂಗಾಗಂಗಿಲ್ಲ.

ಕಿರಿಯಾಕೆ — ನಮ್ಮಜ್ಜಿ ಕೌದಿ ಮುಗಸೋಮುಂದ ಕಡೀ ತುಂಡಿನ ಒಳಗ ನಾಕು ಕಾಳು ಜೋಳ ಇಟ್ಟು ಹೊಲಿತಿದ್ದಳ್ರಿ. ಕೌದಿ ಹೊಟ್ಟಿ ಖಾಲಿ ಇರಬಾರದಂತ.

ಹಿರಿಯಾಕೆ — ಇಡೋಣ. ಅಕ್ಕಿ ಕಾಳು ಇಡೋಣ.

ಅಡುಗೆ ಕೋಣೆಯಿಂದ ಒಗ್ಗರಣೆಯ ಸದ್ದು ಬಂತು, ಬೆನ್ನಿಗೆ ಬೆಳ್ಳುಳ್ಳಿಯ ಘಮ. ಮೂರನೇ ತರಗತಿಯ ಇಬ್ಬರು ನೀರಿನ ನೆಪ ಹೇಳಿ ಆ ಕಡೆ ಓಡಿದರು.

ಕಿರಿಯಾಕೆ — ಅಕ್ಕೋರೆ, ಉಡಿ ತುಂಬೋದು?

ಹಿರಿಯಾಕೆ — ನನ್ನ ಮನಸಿನಾಗೂ ಅದಽ ಕೊರೀತೈತಿ. ಹೆಣ್ಮಗಳನ್ನ ಕಳಿಸಿಕೊಡೋದಂದ್ರ ಉಡಿ ತುಂಬದಽ ಹೆಂಗ ಕಳಸೋದು? ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲಿ ಅಡಿಕಿ, ಬಾಳೆಹಣ್ಣು, ಒಂದು ಕುಬಸ. ಆದರ ಆಕಿ ಗಂಡನ್ನ ಕಳಕೊಂಡಾಕಿ. ಮಂದಿ ಏನಂತಾರೋ.

ಕಿರಿಯಾಕೆ — ನಮ್ಮವ್ವನೂ ಹಂಗಽ ಅದಾಳ್ರಿ. ನನ್ನ ಅಕ್ಕನ ಮದಿವ್ಯಾಗ ಉಡಿ ತುಂಬೋಮುಂದ ಬಾಗಲ ಹಿಂದ ನಿಂತಿದ್ದಳು. ಅಕ್ಕನ ಮದಿವಿಗೆ ದುಡದು ರೊಕ್ಕ ಕೂಡಿಸಿದಾಕಿ ಆಕೀನಽ. ಉಡ್ಯಾಗ ಬಿದ್ದ ಅಕ್ಕಿ ಆಕಿ ನಾಟಿ ಹಚ್ಚಿ ಕೂಲಿ ತಂದ ಅಕ್ಕಿ. ನಾನು ಅವತ್ತು ಸಣ್ಣಾಕಿ ಇದ್ದೆ, ಬಾಯಿ ತಗೀಲಿಲ್ಲ. ಇವತ್ತು ದೊಡ್ಡವ್ವಗ ತುಂಬಬಾರದು ಅಂದ್ರ ನಾನು ಒಪ್ಪೂದಿಲ್ರಿ.

ಹಿರಿಯಾಕೆ — (ಸ್ವಲ್ಪ ತಡೆದು) ನಿನ್ನ ಮಾತು ಖರೆ ಐತಿ. ನಾನು ಮಂದಿ ಏನಂತಾರಂದೆ, ಮಂದ್ಯಾಗ ನಾನೂ ಒಬ್ಬಾಕಿ. ಆದರ ಒಂದು ಮಾತು ಕೇಳು ತಂಗಿ. ನಾವು ಪದ್ಧತಿ ಮುರೀತೀವಂತ ಹೋಗಿ, ನೂರು ಮಂದಿ ಮುಂದ ಆಕೀನ್ನ ನಿಂದರಿಸಿ, ಆಕಿ ಹಿಂದಕ ಸರದು ಬಿಟ್ರ? ಅಂಜಿಕಿ ಆಕೀ ಮೈಯಾಗ ಕೂತಿರತೈತಿ. ಆಕೀನ್ನ ಮೊದಲು ಒಬ್ಬಾಕೀನ್ನಽ ಕರದು ಕೇಳಬೇಕು. ಆಕಿ ಹೂಂ ಅಂದ್ರ ಎಲ್ಲಾ ಸಾಮಾನಿಟ್ಟು ತುಂಬೋಣ, ಮೊದಲನೇ ಬೊಗಸಿ ನಾನಽ ಹಾಕ್ತೀನಿ. ಬ್ಯಾಡ ಅಂದ್ರ ಬರೇ ಅಕ್ಕಿ.

ಕಿರಿಯಾಕೆ — ಬರೇ ಅಕ್ಕಿ ಅಂದ್ರ?

ಹಿರಿಯಾಕೆ — ಒಬ್ಬೊಬ್ಬ ಹುಡುಗ ಮನಿಯಿಂದ ಒಂದು ಹಿಡಿ ಅಕ್ಕಿ ತಂದು ಆಕಿ ಸೆರಗಿಗೆ ಹಾಕ್ಲಿ. ಹುಡುಗರು ಕೊಟ್ರ ಅದಕ ಯಾವ ಹೆಸರೂ ಬ್ಯಾಡ, ಯಾರೂ ಏನೂ ಅನ್ನಂಗಿಲ್ಲ. ಇಷ್ಟು ವರ್ಷ ಆಕಿ ಇವರಿಗೆ ಅಳದು ಹಾಕಿದ್ದು ಅಕ್ಕಿನಽ. ಸಣ್ಣ ಹುಡುಗರ ಹಿಡಿ ಅಂದ್ರ ಎಷ್ಟಾದೀತು, ನೂರಾ ಹದಿನೆಂಟು ಹುಡುಗರು ಕೂಡಿ ಮೂರೂವರಿ ಕಿಲೋ ಆದೀತು. ಮಾಗಾಣಿ ಊರು ಇದು, ಒಂದು ಹಿಡಿ ಅಕ್ಕಿ ಇಲ್ಲದ ಮನಿ ಇಲ್ಲ. ಇಲ್ಲಂದ್ರ ಪಕ್ಕದ ಹುಡುಗ ಎರಡು ಹಿಡಿ ತರಲಿ. ಯಾರು ತಂದ್ರು, ಯಾರು ಬಿಟ್ರು ಅಂತ ಲೆಕ್ಕ ಮಾತ್ರ ಬ್ಯಾಡ.

ಕಿರಿಯಾಕೆ — ಗ್ವಾಡಿಗೆ ಹಾಳಿ ಹಚ್ಚೋದು ಬ್ಯಾಡ.

ಹಿರಿಯಾಕೆ — ಹಚ್ಚೋದು ಬ್ಯಾಡ. ಇನ್ನೊಂದು, ಸಾಲಿ ಅಕ್ಕಿ ಒಂದು ಕಾಳು ಸೈತ ಇದಕ ಮುಟ್ಟಬಾರದು. ಅದು ಹುಡುಗರ ಹೆಸರಿಲೆ ಬಂದದ್ದು, ದಾಸ್ತಾನು ಪುಸ್ತಕದಾಗ ಐತಿ. ಆಕಿ ಹಿಡದ ಸೌಟು ನೆನಪಿಗೆ ಕೊಡೋಣಂತ ಹೆಡ್ ಮಾಸ್ತರು ಅಂದ್ರು. ಅದೂ ದಾಸ್ತಾನಿನಾಗ ಐತಿ, ಕೊಡಾಕ ಬರಂಗಿಲ್ಲ. ಇಷ್ಟು ವರ್ಷ ಆಕಿ ಉಳದ ಸಾರನ್ನ ಸೈತ ಮನಿಗೆ ಒಯ್ದಾಕಿ ಅಲ್ಲ. ಹೋಗೋ ದಿನ ಆಕಿ ಕೈಯಾಗ ಸರ್ಕಾರದ ಸಾಮಾನು ಇಟ್ರ ಆಕೀನ ಬೈತಾಳ.

ಕಿರಿಯಾಕೆ — ಅವತ್ತಿನ ಅಡುಗಿ?

ಹಿರಿಯಾಕೆ — ಅದನ್ನಽ ಹೇಳಾಕ ಹೊಂಟಿದ್ದೆ. ಆಕಿ ಹುಡುಗರ ಪಂಕ್ತ್ಯಾಗ ಕೂತು ಉಂಡದ್ದನ್ನ ನೀನು ನೋಡೀಯೇನು?

ಕಿರಿಯಾಕೆ — ಇಲ್ರಿ. ಎಲ್ಲಾರದ್ದೂ ಆದ ಮ್ಯಾಲ, ಪಾತ್ರಿ ತೊಳದು, ಕೋಣಿ ಮೂಲ್ಯಾಗ ನಿಂತಽ ಉಣ್ತಾರ.

ಹಿರಿಯಾಕೆ — ಇಷ್ಟು ವರ್ಷ ನಿಂತಽ ಉಂಡಾಳ. ಅವತ್ತು ಬೆಳಿಗ್ಗೆ ನಾನು ನೀನು ಸಹಾಯಕಿ ಕೂಡ ಒಲಿ ಮುಂದ ನಿಂದರೋಣ. ಶೇಂಗಾ ಹೋಳಿಗಿ ನಾನು ಮನ್ಯಾಗ ಮಾಡಿ ತರ್ತೀನಿ, ಹುಡುಗರಿಗೆ ಅರ್ಧರ್ಧ. ಊಟದ ಗಂಟಿ ಬಾರಿಸಿದ ಕೂಡಲೇ ಆಕೀನ್ನ ಒಂದನೆತ್ತ ಹುಡುಗರ ನಡುವ ಕುಂದರಿಸಿ ಮೊದಲನೇ ತಾಟು ಆಕಿಗೆ ಹಾಕಬೇಕು.

ಕಿರಿಯಾಕೆ — ಅವರು ಕುಂದ್ರೂದಿಲ್ರಿ. ಸಾರು ಸುಡ್ತೈತಿ, ಹುಡುಗರ ಮ್ಯಾಲ ಚೆಲ್ಲೀರಿ ಅಂತ ಎದ್ದು ಬರ್ತಾರ.

ಹಿರಿಯಾಕೆ — ನಾವು ಕರದ್ರ ಕುಂದ್ರೂದಿಲ್ಲ. ಒಂದನೆತ್ತಿನ ಆ ಸಣ್ಣಾಂವ ಇದಾನಲ್ಲ, ಆಕಿ ಕೈಲೆ ಕಲಸಿ ಕೊಟ್ರಽ ಉಣ್ಣಾಂವ. ಆತ ಸೆರಗು ಹಿಡದು ಎಳದ್ರ ಕುಂದರ್ತಾಳ.

ಅಷ್ಟರಲ್ಲಿ ಹೆಜ್ಜೆ ಸಪ್ಪಳ. ಹಿರಿಯಾಕೆ ಡಸ್ಟರನ್ನು ಚೀಲಕ್ಕೆ ಹಾಕಿಕೊಂಡರು. ದೊಡ್ಡವ್ವ ಪಡಸಾಲೆಯ ಮೆಟ್ಟಿಲ ಕೆಳಗೆ ಬಂದು ನಿಂತಿದ್ದಳು. ಸೆರಗು ನಡುವಿಗೆ ಸಿಕ್ಕಿಸಿದೆ, ಮುಂಗೈಗೆ ಅರಿಷಿಣ ಹತ್ತಿದೆ. ಮೆಟ್ಟಿಲು ಹತ್ತದೆ ಅಲ್ಲಿಂದಲೇ ಕೇಳಿದಳು.

— ಅಕ್ಕೋರೆ, ಇವತ್ತು ಎಷ್ಟು ಮಂದಿ?

ಕಿರಿಯಾಕೆ ಹಾಜರಿ ಪುಸ್ತಕ ನೋಡಿದಳು.

— ನೂರಾ ಹನ್ನೊಂದು, ದೊಡ್ಡವ್ವ. ಏಳು ಮಂದಿ ಬಂದಿಲ್ಲ.

— ಕಾಲುವಿ ಆಚಿ ಮನಿ ಹುಡುಗರು ಬಂದಾರೇನು?

— ಬಂದಾರ.

ದೊಡ್ಡವ್ವ ತಲೆಯಾಡಿಸಿ, ತುಟಿಯಲ್ಲೇ ಲೆಕ್ಕ ಹಾಕುತ್ತ ಅಡುಗೆ ಕೋಣೆಯ ಕಡೆ ಹೋದಳು. ಆಕೆ ಬಾಗಿಲು ದಾಟುವವರೆಗೂ ಇಬ್ಬರೂ ನೋಡುತ್ತಿದ್ದರು.

ಕಿರಿಯಾಕೆ — ಅಕ್ಕೋರೆ, ಕಡೀ ದಿನ ಬೆಳಿಗ್ಗೆ ಹಿಂಗಽ ಬಂದು ಕೇಳ್ತಾರಲ್ರಿ?

ಹಿರಿಯಾಕೆ — ಕೇಳ್ತಾಳ.

ಕಿರಿಯಾಕೆ — ಹಾಜರ್‍ಯಾಗ ಎಷ್ಟು ಇರ್ತೈತೋ ಅದಕ್ಕಿಂತ ಒಂದು ಹೆಚ್ಚಿಗಿ ಹೇಳ್ತೀನ್ರಿ.